ಗಣಕಯಂತ್ರದಲ್ಲಿ ಹೊಲದ ತೇವಾಂಶದ ಲೆಕ್ಕ

ರಾಗಿ ಬಿತ್ತಿದ ಮೇಲೆ ಮಳೆ ಕೈಕೊಟ್ಟರೆ ಬೆಳೆ ಎಷ್ಟು ದಿನ ತಾಳೀತು, ಕೃಷಿ ಹೊಂಡದ ನೀರನ್ನು ಯಾವಾಗ ಹಾಯಿಸಬೇಕು ಎಂಬುದು ಖುಷ್ಕಿ ಬೇಸಾಯಗಾರರ ಮುಖ್ಯ ಪ್ರಶ್ನೆ. ಇದಕ್ಕೆ ಅಂದಾಜು ಉತ್ತರವನ್ನು ತಾವೇ ಗಣಕಯಂತ್ರದಿಂದ ಪಡೆಯಬಹುದು. ಅದಕ್ಕೆ ಬೇಕಾದ ಪೈಥಾನ್ ಎಂಬ ಗಣಕಭಾಷೆ ಉಚಿತವಾಗಿ ದೊರೆಯುತ್ತದೆ. ಪ್ರೌಢಶಾಲೆಗೆ ಹೋಗುವ ಮಕ್ಕಳಿದ್ದರೆ ಜೊತೆಗೆ ಕೂರಿಸಿಕೊಳ್ಳಿ.

ಬೇರು ಇಳಿಯುವಷ್ಟು ಆಳದ ಮಣ್ಣನ್ನು ಒಂದು ತೊಟ್ಟಿ ಎಂದು ಭಾವಿಸಿ. ಮಳೆ ಅದನ್ನು ತುಂಬುತ್ತದೆ, ಬೆಳೆ ಮತ್ತು ಬಿಸಿಲು ಬರಿದು ಮಾಡುತ್ತವೆ, ಮಿಕ್ಕಿದ್ದು ಹೊರಚೆಲ್ಲುತ್ತದೆ. ಈ ವ್ಯವಹಾರವನ್ನು ದಿನದಿನವೂ ಲೆಕ್ಕದಲ್ಲಿ ನಡೆಸಿ ನೋಡುವುದಕ್ಕೆ ಸಿಮ್ಯುಲೇಶನ್ ಎನ್ನುತ್ತಾರೆ.

ಮೊದಲು ಮೂರು ಹೆಸರುಗಳಿಗೆ ಬೆಲೆ ಕೊಡಿ. ಎರಡು ಅಡಿ ಆಳದ ಕೆಂಪು ಮಣ್ಣಿಗೆ ಗಾತ್ರ 60 ಮಿ.ಮೀ., ಈಗಿನ ತೇವ 60, ದಿನದ ಖರ್ಚು 4 ಎಂದಿಟ್ಟುಕೊಳ್ಳೋಣ. ಪೈಥಾನಿನ 3ನೆಯ ಆವೃತ್ತಿಯಲ್ಲಿ ಈ ಹೆಸರುಗಳನ್ನು ಕನ್ನಡದಲ್ಲಿಯೇ ಬರೆಯಬಹುದು. ಆಜ್ಞೆಗಳು ಮತ್ತು ಅಂಕಿಗಳು ಮಾತ್ರ ಇಂಗ್ಲಿಷಿನವು. ನಂತರ ದಿನವಾರು ಮಳೆಯ ಪಟ್ಟಿ ಬರೆಯಿರಿ. ಮಳೆಯಿಲ್ಲದ ದಿನಕ್ಕೆ ಸೊನ್ನೆ ಹಾಕಲು ಮರೆಯಬಾರದು.

'ಫಾರ್' ಎಂಬ ಆಜ್ಞೆ ಪಟ್ಟಿಯ ಪ್ರತಿದಿನವನ್ನೂ ಸರದಿಯಂತೆ ಎತ್ತಿಕೊಡುತ್ತದೆ. ಅದರ ಕೆಳಗಿನ ಸಾಲುಗಳನ್ನು ಒಳಕ್ಕೆ ಸರಿಸಿ ಬರೆಯಬೇಕು; ಇಲ್ಲವಾದರೆ ಯಂತ್ರ ಒಪ್ಪದು. ಮೊದಲು ತೇವಕ್ಕೆ ಮಳೆ ಕೂಡಿಸಿ. 'ಇಫ್' ಆಜ್ಞೆಯಿಂದ, ಗಾತ್ರ ಮೀರಿದರೆ ಹೆಚ್ಚಿನದನ್ನು ತೆಗೆದಿಡಿ. ಬಳಿಕ ಖರ್ಚು ಕಳೆಯಿರಿ. ತೇವ ಸೊನ್ನೆಗಿಂತ ಕೆಳಗಿಳಿದರೆ ಸೊನ್ನೆಯಾಗಿಸಿ. ಕೊನೆಗೆ 'ಪ್ರಿಂಟ್' ಹಾಕಿದರೆ ಅಂದಿನ ತೇವ ಕಾಣುತ್ತದೆ.

ಎಂಟು ದಿನ ಮಳೆಯಿಲ್ಲವೆನ್ನಿ. ತೇವ 28ಕ್ಕೆ ಇಳಿಯುತ್ತದೆ. ಅರ್ಧ ತೇವ ಮುಗಿದಾಗ ನೀರು ಕೊಡುವುದು ವಾಡಿಕೆ. ಆದ್ದರಿಂದ ಹೊಂಡದ ನೀರಿಗೆ ಇದೇ ಸಮಯ. ನೀರು ಕೊಡದೆ ಒಂಬತ್ತನೆಯ ದಿನ 70 ಮಿ.ಮೀ. ಸುರಿಯಿತೆನ್ನಿ, 38 ಮಿ.ಮೀ. ಹೊರಚೆಲ್ಲುತ್ತದೆ. ಎಕರೆಗೆ ಒಂದು ಮಿ.ಮೀ. ಎಂದರೆ ಸುಮಾರು 4,000 ಲೀಟರು. ಅಂದರೆ ಒಂದೂವರೆ ಲಕ್ಷ ಲೀಟರು! ಇದರಲ್ಲಿ ಒಂದಿಷ್ಟು ಬೇರಿನ ಕೆಳಕ್ಕೆ ಇಂಗಿದರೂ ಹರಿದುಹೋಗುವ ಪಾಲು ಹೊಂಡ ಸೇರಬೇಕಾದ ನೀರೇ. ಗಾತ್ರವನ್ನೂ ಮೊದಲ ತೇವವನ್ನೂ ಆಳವಾದ ಕಪ್ಪು ಮಣ್ಣಿಗೆ ತಕ್ಕಂತೆ 120 ಮಾಡಿ ನಡೆಸಿದರೆ, ಅರ್ಧಕ್ಕೆ ಇಳಿಯಲು ಹದಿನೈದು ದಿನ ಬೇಕಾಗುತ್ತದೆ.

ನಿಜವಾದ ಹೊಲ ಇಷ್ಟು ಸರಳವಲ್ಲ. ಎಳೆಯ ಪೈರಿಗೆ ಖರ್ಚು ಕಡಿಮೆ, ತೆನೆ ಬರುವಾಗ ಹೆಚ್ಚು. ರಭಸದ ಮಳೆ ತೊಟ್ಟಿ ತುಂಬುವ ಮೊದಲೇ ಹರಿದು ಹೋಗುತ್ತದೆ. ಆದ್ದರಿಂದ ವಾರಕ್ಕೊಮ್ಮೆ ಗುದ್ದಲಿಯಿಂದ ಒಂದು ಅಡಿ ಅಗೆದು ಮಣ್ಣನ್ನು ಮುಷ್ಟಿಯಲ್ಲಿ ಒತ್ತಿ ನೋಡಿ. ಲೆಕ್ಕದಲ್ಲಿ ತೇವ ಸಾಕಷ್ಟಿದ್ದು ಕೈಯಲ್ಲಿ ಮಣ್ಣು ಪುಡಿಯಾದರೆ ಖರ್ಚನ್ನು 5ಕ್ಕೆ ಏರಿಸಿ ಮತ್ತೊಮ್ಮೆ ನಡೆಸಬೇಕು.