ಲೇತ್ ಶಾಪಿಗೆ ಹೊಸ ಮೆಷಿನ್ ಬಂದಾಗ



ಪೀಣ್ಯ ಇರಲಿ, ಬೆಳಗಾವಿಯ ಉದ್ಯಮಬಾಗ್ ಇರಲಿ, "ಶಾಪಿಗೆ ಆಟೋಮ್ಯಾಟಿಕ್ ಮೆಷಿನ್ ಬರ್ತದಂತೆ" ಎಂಬ ಸುದ್ದಿ ಬಂದರೆ ಮೊದಲು ಚಿಂತೆಗೆ ಬೀಳುವವರು ಮನೆ ನಡೆಸುವ ನಾವು. ಗಂಡನ ಕೆಲಸ ಉಳಿಯುತ್ತಾ, ಮಗನಿಗೆ ಏನು ಕಲಿಸಬೇಕು, ಸಂಘದ ಸಾಲ ಹೇಗೆ ಕಟ್ಟೋದು? ಅದಕ್ಕಾಗಿ ಈ ಮೆಷಿನ್ ಏನೆಂದು ಈ ಸಲ ತಿಳಿಯೋಣ.

ಚಕ್ಕುಲಿ ಒರಳನ್ನೇ ನೋಡಿ. ಚಕ್ಕುಲಿ ಆದ ಮೇಲೆ ಸೇವಿಗೆ ಬಿಲ್ಲೆ ಬದಲಾಯಿಸಬೇಕು. ನಮಗೆ ಅದು ಒಂದು ನಿಮಿಷದ ಕೆಲಸ. ಮೆಷಿನ್ ಶಾಪಿನಲ್ಲಿ ಇದಕ್ಕೆ ಸೆಟ್ಟಿಂಗ್ ಅಂತಾರೆ, ಗಂಟೆಗಟ್ಟಲೆ ಹಿಡಿಯುತ್ತದೆ. ಅಷ್ಟು ಹೊತ್ತು ಮೆಷಿನ್ ಸುಮ್ಮನೆ ನಿಂತಿರುತ್ತದೆ. ಹಾಗಾಗಿ ಮಾಲೀಕರು ಬೇಕಾದದ್ದು 50 ಇದ್ದರೂ 500 ಮಾಡಿಸಿ ಇಡುತ್ತಾರೆ. ಮಾಲು ಮೂಲೆಯಲ್ಲಿ, ಬಡ್ಡಿ ಬ್ಯಾಂಕಿನಲ್ಲಿ!

1969ರಲ್ಲಿ ಜಪಾನಿನ ಟೊಯೊಟಾ ಕಾರ್ಖಾನೆಯಲ್ಲಿ 1000 ಟನ್ನಿನ ಪ್ರೆಸ್ಸಿನ ಅಚ್ಚು ಬದಲಿಸಲು 4 ಗಂಟೆ ಬೇಕಾಗಿತ್ತು. ಶಿಗೆಯೊ ಶಿಂಗೊ ಎಂಬ ಎಂಜಿನಿಯರ್ ಅದನ್ನು ಮೊದಲು 90 ನಿಮಿಷಕ್ಕೆ, ನಂತರ 3 ನಿಮಿಷಕ್ಕೆ ಇಳಿಸಿದರು. ಉಪಾಯ ದೊಡ್ಡದೇನಲ್ಲ. ಮೆಷಿನ್ ಓಡುತ್ತಿರುವಾಗಲೇ ಮುಂದಿನ ಅಚ್ಚು, ಬೋಲ್ಟು ಎಲ್ಲ ಸಿದ್ಧ ಮಾಡಿಟ್ಟುಕೊಳ್ಳುವುದು. ಒಂದು ಒಲೆಯಲ್ಲಿ ಸಾರು ಕುದಿಯುವಾಗ ಒಗ್ಗರಣೆಗೆ ಹೆಚ್ಚಿಕೊಳ್ಳುವ ಹಾಗೆ. ಯಾವ ಶಾಪ್ ಆದರೂ ಮೊದಲು ಇದನ್ನು ಮಾಡಬೇಕು ಎಂಬುದು ನಮ್ಮ ಅಭಿಪ್ರಾಯ. ರೋಬೋ ಆಮೇಲೆ.

ಮುಂದಿನ ಹೆಜ್ಜೆ ಸಿಎನ್‌ಸಿ. ಎಷ್ಟು ಕೊರೆಯಬೇಕು, ಎಲ್ಲಿ ಕೊರೆಯಬೇಕು ಎಂಬುದನ್ನು ಅಂಕಿಗಳಲ್ಲಿ ಬರೆದುಕೊಟ್ಟರೆ ಮೆಷಿನ್ ಹಾಗೇ ಮಾಡುತ್ತದೆ. ಟೂಲನ್ನು ತಾನೇ ಬದಲಿಸಿಕೊಳ್ಳುವ ಮೆಷಿನ್‌ಗಳೂ ಇವೆ. ಇಂಥ ನಾಲ್ಕಾರು ಮೆಷಿನ್ ಸೇರಿಸಿ, ಜಾಬ್ ಒಯ್ಯುವ ಏರ್ಪಾಡು ಮಾಡಿ, ಒಂದು ಕಂಪ್ಯೂಟರಿಗೆ ಉಸ್ತುವಾರಿ ಕೊಟ್ಟರೆ ಬೆಳಿಗ್ಗೆ ಪಂಪಿನ ಭಾಗ 20, ಮಧ್ಯಾಹ್ನ ಗೇರ್ ಪೆಟ್ಟಿಗೆ 15 ಮಾಡಬಹುದು. 1960ರ ದಶಕದಲ್ಲೇ ಇಂಗ್ಲೆಂಡಿನ ಮೋಲಿನ್ಸ್ ಕಂಪನಿಯಲ್ಲಿ ಥಿಯೋ ವಿಲಿಯಮ್ಸನ್ 'ಸಿಸ್ಟಮ್ 24' ಎಂಬ ಯೋಜನೆ ಮಾಡಿದ್ದರು. ಹಗಲು ಜನರು ಜಾಬ್ ಕಟ್ಟಿಡುವುದು, ರಾತ್ರಿಯೂ ಮೆಷಿನ್ ಓಡುವುದು.

ಆದರೆ ಟೂಲ್ ಸವೆದರೆ, ಎರಕ ಸೊಟ್ಟ ಇದ್ದರೆ, ಅಳೆದು ನೋಡುವವರಿಲ್ಲದೆ ಮೆಷಿನ್ ತಪ್ಪನ್ನೇ ನೂರು ಸಲ ಮಾಡೀತು.

ಕೆಲಸ ಹೋಗುತ್ತಾ? ಮುಚ್ಚಿಡುವುದು ಬೇಡ. ಒಬ್ಬರೇ ಎರಡು ಮೂರು ಮೆಷಿನ್ ನೋಡಿಕೊಳ್ಳುವುದರಿಂದ ಅದೇ ಆರ್ಡರಿಗೆ ಕೈಗಳು ಕಡಿಮೆ ಸಾಕು. ಹ್ಯಾಂಡಲ್ ತಿರುಗಿಸುವ ಕೆಲಸಕ್ಕೆ ಬೆಲೆ ಇಳಿಯುತ್ತದೆ. ಡ್ರಾಯಿಂಗ್ ಓದುವ, ಮೈಕ್ರೋಮೀಟರಿನಲ್ಲಿ ಅಳೆಯುವ, ಪ್ರೋಗ್ರಾಂ ಬರೆಯುವ ಕೆಲಸಕ್ಕೆ ಏರುತ್ತದೆ. ಹಳೇ ಲೇತಿನವರು ಲೋಹದ ಗುಣ ಬಲ್ಲವರು, ತರಬೇತಿ ಕೊಟ್ಟರೆ ಅವರೇ ಒಳ್ಳೇ ಸೆಟ್ಟರ್. ಆ ತರಬೇತಿ ಮೆಷಿನ್ ಬರುವ ಮೊದಲೇ ಆಗಬೇಕು. ಈ ಕೆಲಸಕ್ಕೆ ತೋಳ್ಬಲ ಬೇಕಿಲ್ಲವಾದ್ದರಿಂದ ಹೆಣ್ಣುಮಕ್ಕಳೂ ಮಾಡಬಹುದು. ಜಿಟಿಟಿಸಿ ಕೇಂದ್ರಗಳಲ್ಲಿ ಸಿಎನ್‌ಸಿ ಕಲಿಸುತ್ತಾರೆ, ವಿಚಾರಿಸಿ. ರಾತ್ರಿ ಪಾಳಿ ಇದ್ದರೆ ವಾಹನ, ಶೌಚಾಲಯದ ಬಗ್ಗೆಯೂ ಕೇಳಲು ನಾಚಬೇಡಿ.

ಸದಸ್ಯೆಯೊಬ್ಬರು ಮಗನಿಗೆ ಸೆಕೆಂಡ್ ಹ್ಯಾಂಡ್ ಸಿಎನ್‌ಸಿ ಕೊಳ್ಳಲು ಸಾಲ ಕೇಳಿದರೆ? ಕೈಯಲ್ಲಿ ಆರ್ಡರ್ ಎಷ್ಟು, ಒಂದೇ ಬಗೆಯದೋ ಹಲವು ಬಗೆಯದೋ, ತ್ರೀ ಫೇಸ್ ಕರೆಂಟು ಇದೆಯಾ, ಕೆಟ್ಟರೆ ರಿಪೇರಿ ಯಾರು ಮಾಡುತ್ತಾರೆ, ಮೆಷಿನ್ ನಿಂತ ತಿಂಗಳು ಕಂತು ಎಲ್ಲಿಂದ? ಮುಂದಿನ ಸಭೆಯಲ್ಲಿ ಇವನ್ನು ಚರ್ಚಿಸಿ, ಉತ್ತರಗಳನ್ನು ನಿರ್ಣಯ ಪುಸ್ತಕದಲ್ಲಿ ಬರೆದಿಡಿ.