ದೊಡ್ಡ ಕರುಳಿನ ಹುಣ್ಣು: ರಕ್ತ ನಿಂತ ಮೇಲೆ ಔಷಧ ನಿಲ್ಲಿಸಬಹುದೇ?

ಮಲದಲ್ಲಿ ರಕ್ತ ಕಂಡೊಡನೆ ನಮ್ಮಲ್ಲಿ ಬಹುಮಂದಿ ಅದನ್ನು ಮೂಲವ್ಯಾಧಿಯೆಂದೇ ತಿಳಿಯುತ್ತಾರೆ. ಮೂಲವ್ಯಾಧಿಯ ರಕ್ತವು ಸಾಮಾನ್ಯವಾಗಿ ಮಲವಿಸರ್ಜನೆಯ ಕೊನೆಯಲ್ಲಿ ಕೆಂಪಗೆ ತೊಟ್ಟಿಕ್ಕುವುದು. ಆದರೆ ರಕ್ತವು ಲೋಳೆಯೊಡನೆ ಬೆರೆತು, ದಿನಕ್ಕೆ ಹಲವು ಬಾರಿ ಹೋಗಬೇಕಾಗಿ, ಹೋಗಿ ಬಂದರೂ ಮತ್ತೆ ಮುಕ್ಕುವಂತಾಗಿ, ರಾತ್ರಿ ನಿದ್ರೆಯಿಂದಲೂ ಎಬ್ಬಿಸುತ್ತಿದ್ದರೆ ಅದು ಬೇರೆ ರೋಗವಿರಬಹುದು. ದೊಡ್ಡ ಕರುಳಿನ ಒಳಪದರವು ಗುದನಾಳದಿಂದ ಆರಂಭಿಸಿ ಮೇಲ್ಮುಖವಾಗಿ ಉರಿಗೊಂಡು ಹುಣ್ಣಾಗುವ ಈ ರೋಗಕ್ಕೆ ಅಲ್ಸರೇಟಿವ್ ಕೊಲೈಟಿಸ್ ಎಂದು ಹೆಸರು. ಹೆಚ್ಚಾಗಿ ಹದಿನೈದರಿಂದ ಮೂವತ್ತೈದು ವಯಸ್ಸಿನವರಲ್ಲಿ ಇದು ತಲೆದೋರುತ್ತದೆ.

ನಮ್ಮ ಶಾಸ್ತ್ರದಲ್ಲಿ ಇದರ ಲಕ್ಷಣಗಳನ್ನು ರಕ್ತಾತಿಸಾರ, ಪ್ರವಾಹಿಕಾ, ಗ್ರಹಣಿ ಎಂಬ ಪ್ರಕರಣಗಳಲ್ಲಿ ಕಾಣುತ್ತೇವೆ. ಆದರೆ ಶಾಸ್ತ್ರದ ಹೆಸರನ್ನು ಕೊಟ್ಟ ಮಾತ್ರಕ್ಕೆ ರೋಗನಿರ್ಣಯ ಮುಗಿಯಲಿಲ್ಲ. ಆಮಶಂಕೆಯ ಅಮೀಬಾ, ಕರುಳಿನ ಕ್ಷಯ ಇವೆರಡೂ ಇದೇ ವೇಷದಲ್ಲಿ ಬರಬಲ್ಲವು. ಅವು ಇರುವಾಗ ಸ್ಟೀರಾಯ್ಡ್ ಕೊಟ್ಟರೆ ಪ್ರಾಣಾಪಾಯ. ಆದುದರಿಂದ ಮಲಪರೀಕ್ಷೆ, ಕೊಲೊನೋಸ್ಕೋಪಿ, ಕರುಳಿನ ಚೂರಿನ ಪರೀಕ್ಷೆ ಇಷ್ಟೂ ಆಗದೆ ಯಾವ ಪದ್ಧತಿಯ ಚಿಕಿತ್ಸೆಯನ್ನೂ ನಿರ್ಧರಿಸಬಾರದೆಂದು ನಾವು ರೋಗಿಗಳಿಗೆ ಹೇಳುತ್ತೇವೆ.

ರೋಗವು ಕರುಳಿನ ಎಷ್ಟು ಭಾಗಕ್ಕೆ ಹಬ್ಬಿದೆ, ಎಷ್ಟು ತೀವ್ರವಾಗಿದೆ ಎಂಬ ಎರಡು ಸಂಗತಿಗಳ ಮೇಲೆ ಔಷಧ ನಿಲ್ಲುತ್ತದೆ. ಸೌಮ್ಯ ಮತ್ತು ಮಧ್ಯಮ ರೋಗಕ್ಕೆ ಮೊದಲ ಔಷಧ ಮೆಸಲಮೈನ್. ರೋಗವು ಗುದನಾಳದಲ್ಲಷ್ಟೇ ಇದ್ದರೆ ನುಂಗುವ ಮಾತ್ರೆಗಿಂತ ಗುದದ್ವಾರದಲ್ಲಿ ಇಡುವ ಮಾತ್ರೆಯೇ ಹೆಚ್ಚು ಗುಣಕಾರಿ. ಅನೇಕರು ನಾಚಿಕೆಯಿಂದ ಅದನ್ನು ಒಲ್ಲೆನೆನ್ನುತ್ತಾರೆ. ಬಸ್ತಿಯನ್ನು ಅರ್ಧ ಚಿಕಿತ್ಸೆಯೆಂದೇ ಗೌರವಿಸಿದ ಪರಂಪರೆಯವರಾದ ನಮಗೆ ಈ ನಾಚಿಕೆ ವಿಚಿತ್ರವಾಗಿ ತೋರುತ್ತದೆ!

ಇನ್ನು ಮುಖ್ಯ ವಿಷಯ. ಮೆಸಲಮೈನ್ ಆರಂಭಿಸಿದ ಕೆಲವು ವಾರಗಳಲ್ಲಿ ರಕ್ತ ನಿಲ್ಲುತ್ತದೆ, ಹಸಿವು ಮರಳುತ್ತದೆ. ಆಗಲೇ ರೋಗಿಯು ತನಗೆ ಗುಣವಾಯಿತೆಂದು ಮಾತ್ರೆ ಬಿಡುತ್ತಾನೆ. ಹೊರಗಿನ ಲಕ್ಷಣ ಹೋದರೂ ಒಳಪದರದ ಉರಿ ಉಳಿದಿರಬಹುದು. ಅದು ಮಾಯ್ದ ಮೇಲೂ ಮರುಕಳಿಸುವುದು ಈ ರೋಗದ ಸ್ವಭಾವ. ಮಾತ್ರೆಯನ್ನು ದೀರ್ಘಕಾಲ ಮುಂದುವರಿಸುವುದು ರೋಗ ಮರಳದಂತೆ ತಡೆಯಲಿಕ್ಕಾಗಿ. ನಮ್ಮಲ್ಲಿಗೆ ಬಂದಿದ್ದ ಪದವಿ ತರಗತಿಯ ಒಬ್ಬ ವಿದ್ಯಾರ್ಥಿನಿಗೆ ಮದುವೆಯ ಮಾತುಕತೆ ನಡೆದಿತ್ತು. ಮನೆಯಲ್ಲಿ ಮಾತ್ರೆಯ ಡಬ್ಬಿ ಬೀಗರ ಕಣ್ಣಿಗೆ ಬಿದ್ದೀತೆಂದು ಹಿರಿಯರೇ ಔಷಧ ನಿಲ್ಲಿಸಿದರು. ಮೂರು ತಿಂಗಳಿಗೆ ರೋಗ ಮರುಕಳಿಸಿ, ಮೊದಲು ಬೇಕಿಲ್ಲದ ಸ್ಟೀರಾಯ್ಡ್ ಬೇಕಾಯಿತು. ಇಂಥ ಮನೆಯವರಿಗೆ ನಾವು ಹೇಳುವುದಿಷ್ಟು: ಈ ರೋಗದವರು ಮದುವೆಯಾಗಬಹುದು, ಮಕ್ಕಳನ್ನು ಪಡೆಯಬಹುದು. ರೋಗ ಶಾಂತವಾಗಿರುವಾಗ ಗರ್ಭ ಧರಿಸುವುದು ಒಳ್ಳೆಯದು. ಬಸುರಿಯರಲ್ಲಿಯೂ ಮೆಸಲಮೈನನ್ನು ಸಾಮಾನ್ಯವಾಗಿ ಮುಂದುವರಿಸುತ್ತಾರೆ. ಹಳೆಯ ಔಷಧವಾದ ಸಲ್ಫಸಲಜೀನ್ ಮಾತ್ರ ಗಂಡಸರಲ್ಲಿ ವೀರ್ಯಾಣುಗಳನ್ನು ತಾತ್ಕಾಲಿಕವಾಗಿ ತಗ್ಗಿಸುತ್ತದೆ. ವೈದ್ಯರಿಗೆ ತಿಳಿಸಿದರೆ ಬದಲಿಸುತ್ತಾರೆ. ಶ್ರಾವಣದ ಉಪವಾಸದ ದಿನಗಳಲ್ಲಿ ಕೂಡ ಮಾತ್ರೆ ತಪ್ಪಬಾರದು.

ಹಾಗಾದರೆ ಆಯುರ್ವೇದಕ್ಕೆ ಇಲ್ಲಿ ಸ್ಥಾನವಿಲ್ಲವೇ? ಇದೆ. ಬೂರುಗದ ಲೋಳೆಯಿಂದ ಮಾಡುವ ಪಿಚ್ಛಾಬಸ್ತಿ, ಕುಟಜದ ಯೋಗಗಳು, ಮಜ್ಜಿಗೆಯ ಪ್ರಯೋಗ ಇವನ್ನು ರೋಗ ಸೌಮ್ಯವಾಗಿರುವಾಗ, ಕರುಳಿನ ವೈದ್ಯರಿಗೆ ತಿಳಿಸಿ, ಅವರ ಔಷಧದ ಜೊತೆಗೆ ನಾವು ಬಳಸುತ್ತೇವೆ. ಅರಿಸಿನದ ಸತ್ವವಾದ ಕರ್ಕ್ಯುಮಿನ್ ಕುರಿತು ಜಪಾನಿನಲ್ಲಿ ನಡೆದು 2006ರಲ್ಲಿ ಪ್ರಕಟವಾದ ಪರೀಕ್ಷೆಯೊಂದರಲ್ಲಿ, ದಿನಕ್ಕೆ 2 ಗ್ರಾಂ ಸತ್ವ ಸೇವಿಸಿದವರಲ್ಲಿ ಆರು ತಿಂಗಳವರೆಗೆ ರೋಗ ಮರುಕಳಿಸಿದ್ದು ಕಡಿಮೆ. ಆದರೆ ಅವರೆಲ್ಲರೂ ಸಲ್ಫಸಲಜೀನ್ ಅಥವಾ ಮೆಸಲಮೈನ್ ಸೇವಿಸುತ್ತಲೇ ಇದ್ದರು! ಅಡಿಗೆಯ ಅರಿಸಿನದಲ್ಲಿ ಆ ಸತ್ವವು ನೂರಕ್ಕೆ ಸುಮಾರು ಮೂರು ಭಾಗ ಮಾತ್ರ. ಹಾಲಿಗೆ ಚಿಟಿಕೆ ಹಾಕಿ ಕುಡಿಯುವುದರಿಂದ ಆ ಪ್ರಮಾಣ ಒದಗದು.

ರಕ್ತ ಹೋಗುತ್ತಿರುವಾಗ ಸೋನಾಮುಖಿ, ತ್ರಿಫಲಾ, ಲೋಳೆಸರದ ರಸ ಇತ್ಯಾದಿ ಭೇದಿಕಾರಕಗಳು ಬೇಡ. ಹೆಸರು ಬರೆಯದ ಪುಡಿಗಳನ್ನೂ, ಚೀಟಿಯಿಲ್ಲದ ಭಸ್ಮಗಳನ್ನೂ ಯಾರು ಕೊಟ್ಟರೂ ಬಾಯಿಗೆ ಹಾಕಬಾರದು. ಅವುಗಳಲ್ಲಿ ಸ್ಟೀರಾಯ್ಡ್ ಅಥವಾ ಸೀಸ ಬೆರೆತಿರಬಹುದು. ಮೈಕೈ ನೋವಿಗೆಂದು ಅಂಗಡಿಯಲ್ಲಿ ಕೊಳ್ಳುವ ಡೈಕ್ಲೊಫೆನಾಕ್‌ನಂಥ ಮಾತ್ರೆಗಳೂ ರೋಗವನ್ನು ಕೆರಳಿಸಬಲ್ಲವು. ಆಹಾರದಲ್ಲಿ, ಕೆರಳಿದಾಗ ಗಂಜಿ, ಮೆತ್ತಗಿನ ಅನ್ನ, ಹೆಸರುಬೇಳೆಯ ತಿಳಿ ಸಾಕು. ಹಸಿ ತರಕಾರಿ, ಮೆಣಸಿನ ಖಾರ ಬೇಡ. ಶಾಂತವಾದ ಮೇಲೆ ಮೊದಲಿನ ಊಟಕ್ಕೆ ನಿಧಾನವಾಗಿ ಮರಳಬಹುದು. ವರ್ಷವಿಡೀ ಗಂಜಿಯಲ್ಲೇ ಇರಿಸಿದರೆ ರೋಗಿ ಬಡವಾಗುತ್ತಾನೆ.

ದಿನಕ್ಕೆ ಆರಕ್ಕಿಂತ ಹೆಚ್ಚು ಬಾರಿ ರಕ್ತಮಲವಾಗಿ, ಜೊತೆಗೆ ಜ್ವರ, ನಾಡಿ ನಿಮಿಷಕ್ಕೆ 90ನ್ನು ಮೀರುವುದು ಅಥವಾ ಹೊಟ್ಟೆ ಉಬ್ಬರ, ತೀವ್ರ ನೋವು ಕಂಡರೆ ನಮ್ಮ ಕಡೆಗೆ ಬರದೆ ನೇರವಾಗಿ ಆಸ್ಪತ್ರೆಗೆ ಹೋಗಬೇಕು. ಅಲ್ಲಿ ಸ್ಟೀರಾಯ್ಡ್ ಚುಚ್ಚುಮದ್ದು ಜೀವ ಉಳಿಸುತ್ತದೆ. 1955ರಲ್ಲಿ ಇಂಗ್ಲೆಂಡಿನ ಟ್ರೂಲವ್ ಮತ್ತು ವಿಟ್ಸ್ ಎಂಬ ವೈದ್ಯರು ಈ ರೋಗದಲ್ಲಿ ಕಾರ್ಟಿಸೋನಿನ ಉಪಯೋಗವನ್ನು ತೋರಿಸಿದ ಮೇಲೆ ಸಾವುಗಳು ಇಳಿದವು. ಆದರೆ ಅದು ಬೆಂಕಿ ಆರಿಸುವ ಔಷಧ, ಕಾವಲಿನ ಔಷಧವಲ್ಲ. ವಾರಗಳ ಮೇಲೆ ಸ್ವಲ್ಪ ಸ್ವಲ್ಪವೇ ಇಳಿಸಿ ನಿಲ್ಲಿಸಬೇಕು, ಥಟ್ಟನೆ ಬಿಡಬಾರದು. ಮತ್ತೆ ಮತ್ತೆ ಸ್ಟೀರಾಯ್ಡ್ ಬೇಕಾಗುವುದಾದರೆ ಅಜಥಿಯೋಪ್ರಿನ್, ಇನ್‌ಫ್ಲಿಕ್ಸಿಮ್ಯಾಬ್ ಮುಂತಾದ ಮೇಲಿನ ಹಂತದ ಔಷಧಗಳ ಕುರಿತು ವೈದ್ಯರನ್ನು ಕೇಳಬೇಕು. ಅಜಥಿಯೋಪ್ರಿನ್ ಫಲ ಕೊಡಲು ಎರಡು ಮೂರು ತಿಂಗಳು ಬೇಕು, ನಡುವೆ ರಕ್ತಪರೀಕ್ಷೆ ತಪ್ಪಬಾರದು. ಇನ್‌ಫ್ಲಿಕ್ಸಿಮ್ಯಾಬ್ ಆರಂಭಿಸುವ ಮುನ್ನ ಕ್ಷಯದ ಪರೀಕ್ಷೆ ಆಗಲೇಬೇಕು. ಖರ್ಚಿನ ವಿಷಯವನ್ನೂ ಸಂಕೋಚವಿಲ್ಲದೆ ಮೊದಲೇ ಕೇಳಿಕೊಳ್ಳುವುದು ಲೇಸು.

ಮೆಸಲಮೈನ್ ಸೇವಿಸುವವರು ವರ್ಷಕ್ಕೊಮ್ಮೆಯಾದರೂ ಮೂತ್ರಪಿಂಡದ ರಕ್ತಪರೀಕ್ಷೆ ಮಾಡಿಸಿಕೊಳ್ಳಬೇಕು. ಗುದನಾಳವನ್ನು ದಾಟಿ ಹಬ್ಬಿದ ರೋಗವಿದ್ದವರು, ರೋಗ ಆರಂಭವಾಗಿ ಎಂಟು ವರ್ಷವಾದ ಮೇಲೆ, ಯಾವ ತೊಂದರೆಯಿಲ್ಲದಿದ್ದರೂ, ಕ್ಯಾನ್ಸರಿನ ತಪಾಸಣೆಗಾಗಿ ಕೊಲೊನೋಸ್ಕೋಪಿ ಮಾಡಿಸಬೇಕು. ಮೊದಲ ಪರೀಕ್ಷೆಯ ವರದಿಯನ್ನು ಅಲ್ಲಿಯವರೆಗೆ ಜೋಪಾನವಾಗಿ ಇಟ್ಟುಕೊಂಡಿರಬೇಕು.