ಚಿಕ್ಕ ಮೈ, ದೊಡ್ಡ ಚಳಿ

ಮಕರ ಸಂಕ್ರಾಂತಿಯು ಬಂದಿತೆಂದರೆ ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಗಳ ಮನೆಗಳಲ್ಲಿ ನಸುಕಿನಿಂದಲೇ ಗಡಿಬಿಡಿ ಆರಂಭವಾಗುವುದು. ಎಳ್ಳು ಹಚ್ಚಿದ ಸಜ್ಜೆಯ ರೊಟ್ಟಿ, ಎಣ್ಣೆಗಾಯಿ, ಗುರೆಳ್ಳು ಚಟ್ನಿ, ಶೇಂಗಾ ಹೋಳಿಗೆಗಳ ಬುತ್ತಿ ಕಟ್ಟಿಕೊಂಡು, ಚಿಕ್ಕ ಮಕ್ಕಳನ್ನು ಕಂಕುಳಲ್ಲಿ ಎತ್ತಿಕೊಂಡು ಜನರು ಹೊಳೆಯ ದಂಡೆಗೆ ಹೊರಡುವರು. ಮುಧೋಳದವರಿಗೆ ಘಟಪ್ರಭೆ, ಜಮಖಂಡಿ, ರಬಕವಿಯವರಿಗೆ ಕೃಷ್ಣೆ, ಬೀಳಗಿಯ ಕಡೆಯವರಿಗೆ ಆಲಮಟ್ಟಿ ಜಲಾಶಯದ ಹಿನ್ನೀರು. ಕೆಲವರು ಕೂಡಲಸಂಗಮದವರೆಗೂ ಹೋಗುವುದುಂಟು. ಮತ್ತೆ ಕೆಲವರು 1989ರಲ್ಲಿ ರೈತರೇ ಹಣ ಕೂಡಿಸಿ, ಮೈಮುರಿದು ದುಡಿದು ಕಟ್ಟಿದ ಚಿಕ್ಕಪಡಸಲಗಿಯ ಬ್ಯಾರೇಜನ್ನು ಮಕ್ಕಳಿಗೆ ತೋರಿಸಿ ಬರುವರು.

ಹೊಳೆಯಲ್ಲಿ ಮಿಂದು ದಂಡೆಗೆ ಬಂದಾಗ ಒಂದು ನೋಟವು ವರ್ಷವೂ ತಪ್ಪದೆ ಕಾಣಿಸುವುದು. ತಂದೆಯು ಒದ್ದೆಯ ಪಂಚೆಯಲ್ಲಿಯೇ ನಿಂತು ಪರಿಚಿತರೊಡನೆ ಮಾತನಾಡುತ್ತಿರುವನು. ಅವನ ಬೆರಳು ಹಿಡಿದು ನಿಂತ ಮೂರು ವರ್ಷದ ಮಗುವಾದರೋ ಹಲ್ಲು ಕಟಕಟಿಸುತ್ತ, ತುಟಿ ನೀಲಿಗಟ್ಟಿ, ಗಡಗಡನೆ ನಡುಗುತ್ತಿರುವುದು. ನೀರು ಒಂದೇ, ಗಾಳಿ ಒಂದೇ, ಇಬ್ಬರ ಮೈಯ ಉಷ್ಣತೆಯೂ ಸುಮಾರು 37 ಡಿಗ್ರಿ ಸೆಲ್ಸಿಯಸ್ಸೇ. ಹೀಗಿರಲು ಒಬ್ಬನಿಗೆ ಹಿತವಾದ ತಂಪು ಇನ್ನೊಬ್ಬನಿಗೆ ಬಾಧೆಯಾಗುವುದೇಕೆ?

"ಎಳೆಯ ಮೈ, ತಾಳಿಕೆ ಕಡಿಮೆ, ರೂಢಿಯಾದರೆ ಎಲ್ಲವೂ ಸರಿಹೋಗುತ್ತದೆ" ಎಂದು ಹೇಳುವವರು ಬಹಳ. ಈ ಉತ್ತರದ ಮೊದಲನೆಯ ಭಾಗವು ಅಸ್ಪಷ್ಟ. ಎರಡನೆಯ ಭಾಗವು ಅಪಾಯಕರ. ನಿಜವಾದ ಕಾರಣದ ಬಹುಪಾಲು ಬರಿಯ ರೇಖಾಗಣಿತದಲ್ಲಿ ಅಡಗಿದೆ. ಅದು ರೂಢಿಯಿಂದ ಬದಲಾಗತಕ್ಕದ್ದಲ್ಲ. ಮಗುವು ಬೆಳೆದಂತೆ ಮಾತ್ರ ಬದಲಾಗುವುದು.

ಮಹಾಲಿಂಗಪುರದ ಪೇಟೆಯ ಬೆಲ್ಲವನ್ನೇ ಉದಾಹರಣೆಗೆ ತೆಗೆದುಕೊಳ್ಳೋಣ. ಎಲ್ಲ ಮಗ್ಗುಲೂ 1 ಸೆಂಟಿಮೀಟರ್ ಇರುವ ಬೆಲ್ಲದ ಘನವೊಂದನ್ನು ಕತ್ತರಿಸಿರಿ. ಅದಕ್ಕೆ ಆರು ಮುಖಗಳು. ಹೊರಮೈಯ ಕ್ಷೇತ್ರಫಲ 6 ಚದರ ಸೆಂಟಿಮೀಟರ್, ಘನಫಲ 1 ಘನ ಸೆಂಟಿಮೀಟರ್. ಮಗ್ಗುಲು 2 ಸೆಂಟಿಮೀಟರ್ ಆದರೆ ಕ್ಷೇತ್ರಫಲ 24, ಘನಫಲ 8. ಮಗ್ಗುಲು 4 ಆದರೆ ಕ್ಷೇತ್ರಫಲ 96, ಘನಫಲ 64. ಒಂದೊಂದು ಘನ ಸೆಂಟಿಮೀಟರಿನ ಪಾಲಿಗೆ ಬರುವ ಹೊರಮೈ ಕ್ರಮವಾಗಿ 6, 3 ಮತ್ತು ಒಂದೂವರೆ ಚದರ ಸೆಂಟಿಮೀಟರು. ವಸ್ತುವು ಚಿಕ್ಕದಾದಷ್ಟೂ ಒಡಲಿಗೆ ಹೋಲಿಸಿದರೆ ಅದರ ತೊಗಲು ಹೆಚ್ಚು. ಬೆಲ್ಲದ ಹೆಂಟೆಯು ಹಾಲಿನಲ್ಲಿ ಕರಗಲು ಬಹಳ ಹೊತ್ತು ಹಿಡಿಯುವುದು, ಕುಟ್ಟಿದ ಬೆಲ್ಲವು ಕ್ಷಣದಲ್ಲಿ ಕರಗುವುದು ಇದೇ ಕಾರಣದಿಂದ. ಸಂಕ್ರಾಂತಿಗೆಂದು ಮನೆಯಲ್ಲಿ ಕುಸುರೆಳ್ಳು ಮಾಡುವವರು ಬೆಚ್ಚಗಿನ ಪರಾತದಲ್ಲಿ ಎಳ್ಳಿನ ಮೇಲೆ ಸಕ್ಕರೆಯ ಪಾಕವನ್ನು ಹನಿಹನಿಯಾಗಿ ಬಿಟ್ಟು ಕೈಯಾಡಿಸುವುದನ್ನು ನೀವು ನೋಡಿರಬಹುದು. ಪುಟ್ಟ ಕಾಳುಗಳ ಒಟ್ಟು ಹೊರಮೈ ಅಷ್ಟು ವಿಶಾಲವಾದುದರಿಂದಲೇ ಪಾಕವು ತೆಳ್ಳಗೆ ಹರಡಿ ಕೂಡಲೇ ಒಣಗುವುದು.

ಈಗ ಮೈಯ ವಿಷಯಕ್ಕೆ ಬರೋಣ. ಶಾಖವು ಹುಟ್ಟುವುದು ಮಾಂಸಖಂಡ, ಯಕೃತ್ತು ಮೊದಲಾದ ಒಳಗಿನ ಅಂಗಗಳಲ್ಲಿ. ಹೊರಹೋಗುವುದು ಬಹುಮಟ್ಟಿಗೆ ಚರ್ಮದ ಮೂಲಕ. ಅರವತ್ತು ಕಿಲೋಗ್ರಾಂ ತೂಕದ ವಯಸ್ಕನ ಚರ್ಮದ ಕ್ಷೇತ್ರಫಲ ಸುಮಾರು 1.65 ಚದರ ಮೀಟರ್. ಹನ್ನೆರಡು ಕಿಲೋಗ್ರಾಂ ತೂಗುವ ಮಗುವಿಗೆ ಇದು ಸುಮಾರು 0.54 ಚದರ ಮೀಟರ್. ತೂಕವು ಐದನೆಯ ಒಂದು ಪಾಲಾದರೂ ಚರ್ಮವು ಮೂರನೆಯ ಒಂದು ಪಾಲಿನಷ್ಟಿದೆ. ಭಾಗಿಸಿ ನೋಡಿದರೆ, ಪ್ರತಿ ಕಿಲೋಗ್ರಾಂ ತೂಕಕ್ಕೆ ಮಗುವಿನ ಚರ್ಮವು ತಂದೆಯದಕ್ಕಿಂತ ಸುಮಾರು 1.6 ಪಟ್ಟು. ಮೂರೂವರೆ ಕಿಲೋಗ್ರಾಂ ತೂಗುವ ಹಸುಗೂಸಿನಲ್ಲಿ ಇದು ಎರಡು ಪಟ್ಟನ್ನೂ ಮೀರುವುದು.

ಈ ಲೆಕ್ಕವನ್ನು ಜೀವಿಗಳ ಮೇಲೆ ಮೊದಲು ಚೆನ್ನಾಗಿ ಪರೀಕ್ಷಿಸಿದವನು ಜರ್ಮನಿಯ ಮ್ಯಾಕ್ಸ್ ರೂಬ್ನರ್. 1883ರಲ್ಲಿ ಅವನು ಬೇರೆ ಬೇರೆ ಗಾತ್ರದ ನಾಯಿಗಳು ದಿನಕ್ಕೆ ಎಷ್ಟು ಶಾಖವನ್ನು ಹುಟ್ಟಿಸುವುವೆಂಬುದನ್ನು ಪ್ರಕಟಿಸಿದನು. ಮೂರು ಕಿಲೋಗ್ರಾಮಿನ ನಾಯಿಯು ಪ್ರತಿ ಕಿಲೋಗ್ರಾಮಿಗೆ ಹುಟ್ಟಿಸುವ ಶಾಖವು ಮೂವತ್ತು ಕಿಲೋಗ್ರಾಮಿನ ನಾಯಿಯದಕ್ಕಿಂತ ಸುಮಾರು ಎರಡೂವರೆ ಪಟ್ಟು ಹೆಚ್ಚಾಗಿತ್ತು. ಆದರೆ ಪ್ರತಿ ಚದರ ಮೀಟರ್ ಚರ್ಮಕ್ಕೆ ಲೆಕ್ಕ ಹಾಕಿದಾಗ ಎಲ್ಲವೂ ಹೆಚ್ಚುಕಡಿಮೆ ಸಮನಾಗಿ ಬಂದಿತು. (1932ರಲ್ಲಿ ಮ್ಯಾಕ್ಸ್ ಕ್ಲೈಬರನು ಇಲಿಯಿಂದ ಎತ್ತಿನವರೆಗೆ ಹೋಲಿಸಿ, ಸಂಬಂಧವು ಅಷ್ಟು ಸರಳವಲ್ಲವೆಂದು ತಿದ್ದಿದನು. ಚಿಕ್ಕ ಪ್ರಾಣಿಯು ತೂಕದ ಪ್ರಮಾಣಕ್ಕಿಂತ ಹೆಚ್ಚು ಉರಿಯುವುದೆಂಬ ಮುಖ್ಯ ಮಾತು ಮಾತ್ರ ಉಳಿದೇ ಇದೆ.) ನಾಯಿಯ ಮಾತು ಬಂದಾಗ ಮುಧೋಳದವರಿಗೆ ತಮ್ಮ ಬೇಟೆನಾಯಿಯು ನೆನಪಾಗದಿರದು. ತಿಮ್ಮಾಪುರದ ಶ್ವಾನ ಸಂಶೋಧನಾ ಕೇಂದ್ರದಲ್ಲಿ ಅದನ್ನು ಕಂಡ ಮಕ್ಕಳು "ಇದಕ್ಕೇಕೆ ಊಟ ಹಾಕುವುದಿಲ್ಲ?" ಎಂದು ಕೇಳುವಷ್ಟು ಅದರ ಮೈ ಸಪೂರ. ನೀಳವಾದ ಕಾಲು, ಒಳಗೆ ಸೇದಿದ ಹೊಟ್ಟೆ, ಕೊಬ್ಬಿಲ್ಲದ ತೆಳು ತೊಗಲು. ಅಷ್ಟೇ ತೂಕದ ದುಂಡು ನಾಯಿಗಿಂತ ಅದರ ಹೊರಮೈ ಹೆಚ್ಚು. ಆದುದರಿಂದ ಬಿಸಿಲಿನ ಓಟದಲ್ಲಿ ಹುಟ್ಟಿದ ಶಾಖವನ್ನು ಹೊರಚೆಲ್ಲಲು ಅದಕ್ಕೆ ಅನುಕೂಲ. ಚಳಿಗಾಲದ ರಾತ್ರಿ ಇದೇ ಗುಣವು ಅನನುಕೂಲವಾಗುವುದು. ಗಾತ್ರದಂತೆ ಆಕಾರವೂ ಲೆಕ್ಕಕ್ಕೆ ಬರುವುದೆಂಬುದಕ್ಕೆ ಇದಕ್ಕಿಂತ ಹತ್ತಿರದ ಉದಾಹರಣೆಯು ನಮ್ಮ ಸೀಮೆಯಲ್ಲಿಲ್ಲ.

ಹೊಳೆಯ ದಂಡೆಗೆ ಮರಳೋಣ. ನೀರಿನಲ್ಲಿರುವಾಗ ಆಗುವ ನಷ್ಟವು ಒಂದು ಬಗೆ: ನೀರು ನಿಶ್ಚಲವಾದ ಗಾಳಿಗಿಂತ ಸುಮಾರು 25 ಪಟ್ಟು ಉತ್ತಮ ಉಷ್ಣವಾಹಕ. ಆದರೆ ಹೊರಬಂದ ಮೇಲೆ ಆಗುವ ನಷ್ಟವನ್ನು ಜನರು ಗಮನಿಸುವುದು ಕಡಿಮೆ. ಮೈಗೆ ಅಂಟಿದ ನೀರು ಆವಿಯಾಗಬೇಕಾದರೆ ಒಂದೊಂದು ಗ್ರಾಮಿಗೂ ಸುಮಾರು 580 ಕ್ಯಾಲರಿ ಗುಪ್ತೋಷ್ಣವು ಬೇಕು. ಮೈಮೇಲೆಲ್ಲ ಮಿಲಿಮೀಟರಿನ ಹತ್ತನೆಯ ಒಂದು ಭಾಗದಷ್ಟು ದಪ್ಪದ ನೀರು ಉಳಿಯಿತೆಂದು ಎಣಿಸೋಣ. ಮಗುವಿನ ಮೈಮೇಲೆ ಅದು 54 ಗ್ರಾಂ. ಆವಿಯಾಗಲು ಬೇಕಾದ ಶಾಖ ಸುಮಾರು 31 ಕಿಲೋಕ್ಯಾಲರಿ. ಮೈಯ ವಿಶಿಷ್ಟೋಷ್ಣ 0.83, ಹನ್ನೆರಡು ಕಿಲೋಗ್ರಾಮಿನ ಮೈಯನ್ನು ಒಂದು ಡಿಗ್ರಿ ತಣಿಸಲು ಸುಮಾರು 10 ಕಿಲೋಕ್ಯಾಲರಿ ಸಾಕು. ಅಷ್ಟೂ ಶಾಖವನ್ನು ಮೈಯೇ ಕೊಡಬೇಕಾಗಿ ಬಂದರೆ ಉಷ್ಣತೆಯು ಮೂರು ಡಿಗ್ರಿ ಇಳಿಯಬೇಕು! ತಂದೆಯ ಲೆಕ್ಕವನ್ನು ವಾಚಕರು ತಾವೇ ಮಾಡಲಿ. ಎರಡು ಡಿಗ್ರಿಗಿಂತ ತುಸು ಕಡಿಮೆ ಬರುವುದು. ವಾಸ್ತವವಾಗಿ ಶಾಖದ ಒಂದು ಪಾಲು ಗಾಳಿಯಿಂದ, ಬಿಸಿಲಿನಿಂದ ಬರುವುದು. ಮೈಯೂ ನಡುಗಿ ಹೊಸ ಶಾಖವನ್ನು ಹುಟ್ಟಿಸುವುದು. ಆದುದರಿಂದ ಇಳಿತವು ಇಷ್ಟಾಗದು. ಆದರೂ ಮೊದಲು ಮಗುವಿನ ಮೈ ಒರೆಸಿ, ಆಮೇಲೆ ತಾನು ಒರೆಸಿಕೊಳ್ಳುವ ತಾಯಿಯ ಕ್ರಮದಲ್ಲಿ ಎಷ್ಟು ಭೌತವಿಜ್ಞಾನವಿದೆಯೆಂಬುದು ಈ ಅಂಕೆಗಳಿಂದ ತಿಳಿಯುವುದು.

ಇಲ್ಲಿಯೇ ಇನ್ನೊಂದು ಮಾತು. ಅನೇಕ ಕುಟುಂಬಗಳು ಹೊಳೆಗೆ ಹೋಗಿಬರುವುದು ಮೋಟಾರು ಸೈಕಲ್ಲಿನ ಮೇಲೆ. ಚಿಕ್ಕ ಮಗುವಿಗೆ ಪೆಟ್ರೋಲ್ ಟ್ಯಾಂಕಿನ ಮೇಲೆ, ಎಲ್ಲರಿಗಿಂತ ಮುಂದೆ ಸ್ಥಾನ. ಬಿದ್ದರೆ ಆಗುವ ಅಪಾಯವು ಹಾಗಿರಲಿ. ಗಂಟೆಗೆ 40 ಕಿಲೋಮೀಟರ್ ವೇಗವೆಂದರೆ ಸೆಕೆಂಡಿಗೆ 11 ಮೀಟರ್ ಬೀಸುವ ಗಾಳಿ. ಚರ್ಮಕ್ಕೆ ಅಂಟಿಕೊಂಡಿರುವ ಬೆಚ್ಚನೆಯ ಗಾಳಿಯ ತೆಳುಪದರವನ್ನು ಅದು ಕಿತ್ತೊಯ್ಯುವುದು. ಕೂದಲು, ಬಟ್ಟೆ ಒದ್ದೆಯಾಗಿದ್ದರೆ ಬಾಷ್ಪೀಭವನವೂ ಹಲವು ಪಟ್ಟು ತ್ವರಿತವಾಗುವುದು. ತಂದೆಯು ತನ್ನ ಎದೆಗೆ ಗಾಳಿ ತಾಗದೆ ಬೆಚ್ಚಗಿರುವನು, ಏಕೆಂದರೆ ಮುಂದೆ ಮಗುವಿದೆ.

ನಮ್ಮ ಅಜ್ಜಿಯಂದಿರು ಖಣದ ಬಟ್ಟೆಯಲ್ಲಿ ಹೊಲಿದು ಕೂಸುಗಳಿಗೆ ತೊಡಿಸುತ್ತಿದ್ದ ಕುಂಚಿಗೆಯನ್ನು ಇಂದು ಹೆಚ್ಚಾಗಿ ಛಾಯಾಚಿತ್ರ ತೆಗೆಯುವುದಕ್ಕಾಗಿಯೇ ಹೊರತೆಗೆಯುವರು. ಅದು ಬರಿಯ ಅಲಂಕಾರವಲ್ಲ. ವಯಸ್ಕರಲ್ಲಿ ತಲೆ-ಕುತ್ತಿಗೆಗಳು ಒಟ್ಟು ಚರ್ಮದ ಹನ್ನೊಂದನೆಯ ಒಂದು ಪಾಲು ಮಾತ್ರ. ಹಸುಗೂಸಿನಲ್ಲಿ ಅವು ಸುಮಾರು ಐದನೆಯ ಒಂದು ಪಾಲು. ಕೂದಲೂ ತೆಳು. ತಲೆಯಿಂದ ಬೆನ್ನಿನವರೆಗೆ ಇಳಿಯುವ ಕುಂಚಿಗೆಯು ಶಾಖವು ಸೋರುವ ದೊಡ್ಡ ಬಾಗಿಲನ್ನೇ ಮುಚ್ಚುವುದು. ಹಸುಗೂಸಿಗೆ ದೊಡ್ಡವರಂತೆ ನಡುಗಿ ಶಾಖ ಹುಟ್ಟಿಸಲು ಬಾರದು. ಹೆಗಲಿನ ಹಿಂಭಾಗ, ಕುತ್ತಿಗೆಯ ಸುತ್ತ ಇರುವ ಕಂದು ಕೊಬ್ಬೆಂಬ ವಿಶೇಷ ಧಾತುವನ್ನು ಉರಿಸಿಯೇ ಅದು ಬೆಚ್ಚಗಿರಬೇಕು. ಆದುದರಿಂದ ನಡುಗದ ಕೂಸಿಗೆ ಚಳಿಯಿಲ್ಲವೆಂದು ತಿಳಿಯುವುದು ದೊಡ್ಡ ತಪ್ಪು. ಕೈಕಾಲು ತಣ್ಣಗಿರುವುದು ಸಾಮಾನ್ಯ; ಎದೆಯೂ ಹೊಟ್ಟೆಯೂ ಮುಟ್ಟಿದರೆ ತಣ್ಣಗಿದ್ದರೆ, ಹಾಲು ಕುಡಿಯಲು ಸೋಮಾರಿತನ ಮಾಡಿದರೆ, ಕೂಸನ್ನು ತಾಯಿಯ ಎದೆಗೆ ನೇರವಾಗಿ ಅಪ್ಪಿಸಿ ಹೊದಿಸಿ, ತಡಮಾಡದೆ ವೈದ್ಯರ ಬಳಿಗೆ ಒಯ್ಯಬೇಕು. ಇಂತಹ ಕೂಸನ್ನು ಸಂಕ್ರಾಂತಿಯ ಹೊಳೆಯಲ್ಲಿ ಅದ್ದುವುದು ಯಾವ ಪುಣ್ಯವನ್ನೂ ತರಲಾರದೆಂದು ನನ್ನ ಅಭಿಪ್ರಾಯ.

ಕೌದಿಯ ಗುಟ್ಟೂ ಇಂತಹದೇ. ರಬಕವಿ-ಬನಹಟ್ಟಿಯ ಮಗ್ಗದಲ್ಲಿ ಹುಟ್ಟಿದ ಸೀರೆಯು ಉಟ್ಟು ಹಳತಾದ ಮೇಲೆ ಕೌದಿಯ ಪದರವಾಗುವುದು. ಬೆಚ್ಚಗಿಡುವುದು ಅರಿವೆಯಲ್ಲ, ಪದರಗಳ ನಡುವೆ ಸಿಕ್ಕಿಬಿದ್ದು ಅಲುಗಾಡಲಾರದ ಗಾಳಿ. ಒದ್ದೆಯಾದ ಕೌದಿಯಲ್ಲಿ ಆ ಗಾಳಿಯ ಸ್ಥಾನವನ್ನು ನೀರು ಹಿಡಿಯುವುದರಿಂದ ಅದು ನಿಷ್ಪ್ರಯೋಜಕ.

ಹೆಚ್ಚು ಶಾಖ ಸೋರುವ ಒಲೆಗೆ ಹೆಚ್ಚು ಕಟ್ಟಿಗೆ ಬೇಕು. ಎರಡು ಮೂರು ವರ್ಷದ ಮಗುವಿಗೆ ದಿನಕ್ಕೆ ಪ್ರತಿ ಕಿಲೋಗ್ರಾಂ ತೂಕಕ್ಕೆ ಸುಮಾರು 80 ಕಿಲೋಕ್ಯಾಲರಿ ಆಹಾರ ಬೇಕು. ದೊಡ್ಡವರಿಗೆ ಅದರ ಅರ್ಧದಷ್ಟು ಸಾಕು. ಬುತ್ತಿ ಬಿಚ್ಚುವ ಮೊದಲೇ ಮಕ್ಕಳು ಹಸಿವೆಂದು ಅಳುವುದು ಹಟವಲ್ಲ.

ಹೊರಮೈ ಹೆಚ್ಚಾದರೆ ಶಾಖವು ಬೇಗ ಹೊರಹೋಗುವುದಷ್ಟೇ ಅಲ್ಲ, ಹೊರಗೆ ಹೆಚ್ಚಿದ್ದರೆ ಬೇಗ ಒಳಗೂ ಬರುವುದು. ಏಪ್ರಿಲ್-ಮೇ ತಿಂಗಳ ರಜೆಯಲ್ಲಿ ನಮ್ಮ ಸೀಮೆಯ ಉಷ್ಣತೆಯು 40 ಡಿಗ್ರಿಯನ್ನು ಮುಟ್ಟುವುದು. ಚರ್ಮದ ಉಷ್ಣತೆಯೋ ಸುಮಾರು 35. ಆಗ ಶಾಖದ ಪ್ರವಾಹವು ದಿಕ್ಕು ಬದಲಿಸುವುದು. ಬೆವರೊಂದೇ ಉಳಿದ ದಾರಿ. ಅದೂ ಮಕ್ಕಳಲ್ಲಿ ದೊಡ್ಡವರಿಗಿಂತ ಕಡಿಮೆ. ಬೀಳಗಿ, ಮುಧೋಳ ತಾಲ್ಲೂಕುಗಳ ಯಡಹಳ್ಳಿ ವನ್ಯಧಾಮದ ಚಿಂಕಾರವೂ ಚಿಕ್ಕ ಮೈಯದೇ. ಆದರೆ ಅದು ಸುಡುವ ಹೊತ್ತಿನಲ್ಲಿ ನೆರಳು ಸೇರಿ ಮಲಗುವುದು. ಮಗುವು ಹಾಗಲ್ಲ, ದೊಡ್ಡವರು ಒಯ್ದಲ್ಲಿಗೆ ಹೋಗುವುದು.

ಪೇಟೆಗೆ ಹೋದಾಗ "ಐದು ನಿಮಿಷ" ಎಂದು ಮಲಗಿದ ಮಗುವನ್ನು ಮುಚ್ಚಿದ ಕಾರಿನಲ್ಲಿ ಬಿಟ್ಟು ಇಳಿಯುವವರು ಈ ಪ್ರವಾಹವನ್ನು ಮರೆತಿರುವರು. ಗಾಜು ಬೆಳಕನ್ನು ಒಳಗೆ ಬಿಡುವುದು. ಆದರೆ ಕಾದ ಆಸನಗಳು ಸೂಸುವ ಶಾಖಕಿರಣಗಳನ್ನೂ ಒಳಗಿನ ಬಿಸಿಗಾಳಿಯನ್ನೂ ಹೊರಬಿಡದು. ಬಿಸಿಲಿನಲ್ಲಿ ನಿಂತ ಕಾರಿನೊಳಗೆ ಮೊದಲ ಹತ್ತು ನಿಮಿಷಗಳಲ್ಲಿಯೇ ಉಷ್ಣತೆಯು ಸುಮಾರು 10 ಡಿಗ್ರಿ ಏರುವುದು. ಕಿಟಕಿಯನ್ನು ಎರಡು ಬೆರಳಿನಷ್ಟು ತೆರೆದಿಟ್ಟರೂ ಹೆಚ್ಚಿನ ಪ್ರಯೋಜನವಿಲ್ಲ. ಹೊರಗೆ 38 ಡಿಗ್ರಿ ಇದ್ದರೆ ಒಳಗಿನ ಅಂಕೆಯನ್ನು ನೀವೇ ಕೂಡಿಕೊಳ್ಳಿರಿ. ಇದರಿಂದ ಮಕ್ಕಳು ಸತ್ತ ಪ್ರಸಂಗಗಳು ನಮ್ಮ ದೇಶದಲ್ಲಿಯೂ ಹೊರದೇಶಗಳಲ್ಲಿಯೂ ನಡೆದಿವೆ.

ವಿದ್ಯಾರ್ಥಿಗಳು ಮನೆಯಲ್ಲಿಯೇ ಮಾಡಬಹುದಾದ ಪ್ರಯೋಗವೊಂದಿದೆ. ಒಂದೇ ಲೋಹದ, ಒಂದೇ ಆಕಾರದ ದೊಡ್ಡ ತಂಬಿಗೆಯನ್ನೂ ಚಿಕ್ಕ ತಂಬಿಗೆಯನ್ನೂ ತೆಗೆದುಕೊಂಡು ಎರಡರಲ್ಲಿಯೂ 60 ಡಿಗ್ರಿಯ ನೀರನ್ನು ತುಂಬಿರಿ. ಐದೈದು ನಿಮಿಷಕ್ಕೆ ಉಷ್ಣತಾಮಾಪಕದಿಂದ ಅಳೆದು ಚೌಕಳಿ ಕಾಗದದ ಮೇಲೆ ಗುರುತಿಸಿರಿ. ಚಿಕ್ಕದರ ರೇಖೆಯು ದೊಡ್ಡದಕ್ಕಿಂತ ಕಡಿದಾಗಿ ಇಳಿಯುವುದು ಕಾಣುವುದು. ಆಮೇಲೆ ಚಿಕ್ಕದಕ್ಕೆ ಒಣ ಕೌದಿಯ ತುಂಡನ್ನು ಸುತ್ತಿ ಪುನಃ ಮಾಡಿರಿ. ಕೊನೆಗೆ ತೆಳ್ಳನೆಯ ಒದ್ದೆ ಅರಿವೆಯನ್ನು ಸುತ್ತಿ, ಬೀಸಣಿಕೆಯಿಂದ ಗಾಳಿ ಹಾಕುತ್ತ ಇನ್ನೊಮ್ಮೆ ಮಾಡಿರಿ. ನಾಲ್ಕು ರೇಖೆಗಳನ್ನೂ ಒಂದೇ ಕಾಗದದಲ್ಲಿ ಎಳೆದು, ಕೊನೆಯದು ಮೊದಲ ಹತ್ತು ನಿಮಿಷಗಳಲ್ಲಿ ಎಷ್ಟು ಡಿಗ್ರಿ ಇಳಿಯಿತೆಂಬುದನ್ನು ಓದಿ ನೋಡಿರಿ.